ಮೂರು ಮುದ್ರೆಗಳ ಪ್ರಶ್ನೆ: ಅನುಗ್ರಹದಿಂದ ಹಕ್ಕಿನವರೆಗೆ

2010ರ ಮೇ ತಿಂಗಳ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಮತಗಟ್ಟೆಗೆ ನನ್ನನ್ನು ಅಧ್ಯಕ್ಷಾಧಿಕಾರಿಯಾಗಿ ನೇಮಿಸಿದ್ದರು. ಕಾಲೇಜು ಅಧ್ಯಾಪಕರಿಗೆ ಇದು ಹೊಸದಲ್ಲ. ಹಿಂದಿನ ದಿನವೇ ಮತಪೆಟ್ಟಿಗೆ, ಮತಪತ್ರಗಳ ಕಟ್ಟು, ಶಾಯಿ, ಅರಗುಗಳನ್ನು ಹೊತ್ತು ಶಾಲೆಯ ಕೊಠಡಿಯೊಂದರಲ್ಲಿ ಮಲಗಿ, ಬೆಳಗಿನ ಜಾವಕ್ಕೆ ಎದ್ದು ಸಿದ್ಧರಾಗುವುದು ರೂಢಿ. ಅದು ಮೂವರು ಸದಸ್ಯರನ್ನು ಆರಿಸಬೇಕಾದ ಕ್ಷೇತ್ರ. ಆದ್ದರಿಂದ ಪ್ರತಿ ಮತದಾರರಿಗೂ ಮೂರು ಮತ. ಮಧ್ಯಾಹ್ನದ ಹೊತ್ತಿಗೆ, ಊರಿನಿಂದ ಕೊಂಚ ದೂರದ ಸಣ್ಣ ಕೇರಿಯಿಂದ ಬಂದ ವೃದ್ಧೆಯೊಬ್ಬರು ಮತಪತ್ರವನ್ನು ಕೈಯಲ್ಲಿ ಹಿಡಿದು ನನ್ನ ಮೇಜಿನ ಮುಂದೆಯೇ ನಿಂತರು.

“ಮಾಸ್ತರ್ರೇ, ಮೂರೂ ಮುದ್ರೆ ನಮ್ಮ ಹುಡುಗನಿಗೇ ಒತ್ತಿದ್ರೆ ಆಗದಿಲ್ವಾ?”

“ಇಲ್ಲಮ್ಮ. ಒಬ್ಬರಿಗೆ ಒಂದೇ” ಎಂದೆ.

“ಹಂಗಾದ್ರೆ ಇನ್ನೆರಡು ಯಾರಿಗೆ ಒತ್ತಲಿ? ಅವರಿಗೆ ಒತ್ತಿದ್ರೆ ನಮ್ಮವನೇ ಸೋಲ್ತಾನಲ್ಲ.”

ಸಾಲಿನಲ್ಲಿ ನಿಂತವರು ನಕ್ಕರು. ನಾನೂ ನಕ್ಕೆ. ಅಧಿಕಾರಿಯಾಗಿ ನಿಯಮ ಹೇಳುವುದಷ್ಟೇ ನನ್ನ ಕೆಲಸವಾಗಿತ್ತು, ಹೇಳಿ ಮುಗಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮುಂದೆ ಪಂಚಾಯತಿ ಕಾಯಿದೆಗಳ ಚರಿತ್ರೆಯನ್ನು ಓದತೊಡಗಿದಾಗ, ಆ ಅಜ್ಜಿ ಕೇಳಿದ್ದನ್ನೇ ನಮ್ಮ ನಾಡಿನ ಶಾಸನಸಭೆಗಳೂ ನ್ಯಾಯಾಲಯಗಳೂ ನೂರು ವರ್ಷಗಳಿಂದ ಕೇಳಿಕೊಳ್ಳುತ್ತ ಬಂದಿವೆ ಎಂಬುದು ತಿಳಿಯಿತು. ಸಂಖ್ಯೆಯಲ್ಲಿ ಕಡಿಮೆಯಿರುವವರ ಮತಕ್ಕೆ ಬೆಲೆ ಬರುವುದು ಹೇಗೆ ಎಂಬುದೇ ಆ ಪ್ರಶ್ನೆ.

ಮೊದಲು ಲೆಕ್ಕವನ್ನು ನೋಡೋಣ. 900 ಮತದಾರರಿರುವ, ಮೂರು ಸ್ಥಾನಗಳ ಒಂದು ಕ್ಷೇತ್ರವನ್ನು ಊಹಿಸಿಕೊಳ್ಳಿ. ದೊಡ್ಡ ಸಮುದಾಯದವರು 650, ಸಣ್ಣ ಸಮುದಾಯದವರು 250. ದೊಡ್ಡ ಸಮುದಾಯ ಒಗ್ಗಟ್ಟಾಗಿ ಮೂವರನ್ನು ನಿಲ್ಲಿಸಿದರೆ ಆ ಮೂವರಿಗೂ ತಲಾ 650 ಮತ ಬರುತ್ತವೆ. ಸಣ್ಣ ಸಮುದಾಯದ ಅಭ್ಯರ್ಥಿ 250ಕ್ಕೆ ನಿಲ್ಲುತ್ತಾನೆ. ಊರಿನ ಕಾಲುಭಾಗಕ್ಕಿಂತ ಹೆಚ್ಚು ಜನರಿದ್ದೂ ಮೂರರಲ್ಲಿ ಒಂದು ಸ್ಥಾನವೂ ಅವರಿಗೆ ದಕ್ಕುವುದಿಲ್ಲ. ಅಜ್ಜಿ ಕೇಳಿದಂತೆ ಮೂರೂ ಮುದ್ರೆಗಳನ್ನು ಒಬ್ಬನಿಗೇ ಒತ್ತಲು ಅವಕಾಶವಿದ್ದರೆ ಅವನಿಗೆ 750 ಮತ ಬೀಳುತ್ತವೆ. ಆಗ ದೊಡ್ಡ ಸಮುದಾಯ ತನ್ನ 1,950 ಮತಗಳನ್ನು ಹೇಗೆ ಹಂಚಿದರೂ ಮೂರು ಸ್ಥಾನಗಳನ್ನೂ ಗೆಲ್ಲಲಾರದು. ಅಕ್ಷರ ಬಾರದ ಆಕೆ ರಾಜ್ಯಶಾಸ್ತ್ರದ ಒಂದು ಸೂತ್ರವನ್ನು ತನ್ನ ಕೇರಿಯ ಅನುಭವದಿಂದಲೇ ಕಂಡುಕೊಂಡಿದ್ದಳು.

ಈ ಪದ್ಧತಿಗೆ ಸಂಚಿತ ಮತದಾನ ಎಂದು ಹೆಸರು. ಇದು ಕೇವಲ ಕಲ್ಪನೆಯಲ್ಲ. ಇಂಗ್ಲೆಂಡಿನಲ್ಲಿ 1870ರಲ್ಲಿ ರೂಪುಗೊಂಡ ಶಾಲಾ ಮಂಡಳಿಗಳ ಚುನಾವಣೆ ಹೀಗೆಯೇ ನಡೆಯುತ್ತಿತ್ತು. ಅಮೆರಿಕದ ಇಲಿನಾಯ್ ರಾಜ್ಯದ ಕೆಳಮನೆಗೆ 1870ರಿಂದ 1980ರವರೆಗೆ ಇದೇ ಕ್ರಮವಿತ್ತು. ನಮಗೆ ಹೆಚ್ಚು ಹತ್ತಿರದ ನಿದರ್ಶನವೊಂದು ಸೊರಬದ ಗಡಿಯಾಚೆಯೇ ಇದೆ. ಸ್ವಾತಂತ್ರ್ಯಪೂರ್ವದಲ್ಲಿ ಸೊರಬ, ಶಿಕಾರಿಪುರಗಳು ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ಗಡಿ ದಾಟಿ ಬನವಾಸಿಗೆ ಹೋದರೆ ಅದು ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ ಜಿಲ್ಲೆ. ಹಾನಗಲ್ಲು, ಹಿರೇಕೆರೂರುಗಳ ಕಡೆ ಹೊರಳಿದರೆ ಅದೇ ಪ್ರಾಂತ್ಯದ ಧಾರವಾಡ ಜಿಲ್ಲೆ. 1935ರ ಭಾರತ ಸರ್ಕಾರದ ಕಾಯಿದೆಯಂತೆ 1937ರಲ್ಲಿ ಮುಂಬಯಿ ಶಾಸನಸಭೆಗೆ ನಡೆದ ಚುನಾವಣೆಯಲ್ಲಿ ಬಹುಸದಸ್ಯ ಕ್ಷೇತ್ರಗಳಿಗೆ ಸಂಚಿತ ಮತದಾನವನ್ನೇ ಅಳವಡಿಸಲಾಗಿತ್ತು. ಅದು ಇರಲೇಬೇಕೆಂದು ವಾದಿಸಿದವರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಮುಖ್ಯರು. ಮೀಸಲು ಸ್ಥಾನವಿದ್ದರೆ ಸಾಲದು, ಆ ಸ್ಥಾನಕ್ಕೆ ಯಾರು ಬರಬೇಕೆಂಬುದರಲ್ಲಿ ಆ ಸಮುದಾಯದ ಮಾತಿಗೂ ತೂಕವಿರಬೇಕು ಎಂಬುದು ಅವರ ಕಾಳಜಿಯಾಗಿತ್ತು.

ಆ ಕಾಳಜಿಗೆ ಹಿನ್ನೆಲೆಯಿತ್ತು. 1909ರ ಸುಧಾರಣೆಗಳು ಬ್ರಿಟಿಷ್ ಭಾರತದ ಶಾಸನಸಭೆಗಳಿಗೆ ಮುಸ್ಲಿಮರಿಗಾಗಿ ಪ್ರತ್ಯೇಕ ಮತಕ್ಷೇತ್ರಗಳನ್ನು ತಂದವು. ಅಲ್ಲಿ ಮುಸ್ಲಿಂ ಪ್ರತಿನಿಧಿಯನ್ನು ಮುಸ್ಲಿಂ ಮತದಾರರು ಮಾತ್ರ ಆರಿಸುತ್ತಿದ್ದರು. 1932ರ ಆಗಸ್ಟಿನ ಕೋಮುವಾರು ತೀರ್ಪು ಇದೇ ಕ್ರಮವನ್ನು ದಲಿತ ಸಮುದಾಯಗಳಿಗೂ ವಿಸ್ತರಿಸಿತು. ಗಾಂಧೀಜಿಯವರ ಉಪವಾಸದ ತರುವಾಯ ಸೆಪ್ಟೆಂಬರ್ 24ರಂದು ಆದ ಪುಣೆ ಒಪ್ಪಂದವು ದಲಿತರ ಮಟ್ಟಿಗೆ ಪ್ರತ್ಯೇಕ ಮತಕ್ಷೇತ್ರವನ್ನು ಕೈಬಿಟ್ಟು, ಹೆಚ್ಚಿನ ಮೀಸಲು ಸ್ಥಾನಗಳುಳ್ಳ ಸಂಯುಕ್ತ ಮತಕ್ಷೇತ್ರವನ್ನು ಸ್ವೀಕರಿಸಿತು. ಸ್ಥಾನ ನಿಮ್ಮದು, ಮತ ಎಲ್ಲರದು ಎಂಬ ಈ ಸೂತ್ರವೇ ಇಂದಿನ ನಮ್ಮ ಗ್ರಾಮ ಪಂಚಾಯತಿಗಳವರೆಗೂ ಇಳಿದು ಬಂದಿದೆ. ಪ್ರತ್ಯೇಕ ಮತಕ್ಷೇತ್ರ ಊರನ್ನು ಎರಡು ಪಟ್ಟಿಗಳಾಗಿ ಸೀಳುತ್ತದೆ. ಸಂಯುಕ್ತ ಮತಕ್ಷೇತ್ರ ಊರನ್ನು ಒಂದಾಗಿ ಉಳಿಸುತ್ತದೆ. ಆದರೆ ಅಲ್ಲಿ ಸಣ್ಣ ಕೇರಿಯ ಪ್ರತಿನಿಧಿ ಯಾರೆಂಬುದನ್ನು ದೊಡ್ಡ ಕೇರಿಯೇ ನಿರ್ಧರಿಸುವ ಸಂಭವವೂ ಇದೆ. ಸಂಚಿತ ಮತದಾನವು ಈ ಎರಡರ ನಡುವಿನ ಹಾದಿಯಾಗಿತ್ತು. ಸ್ವತಂತ್ರ ಭಾರತ ಆ ಹಾದಿಯನ್ನು ಹಿಡಿಯಲಿಲ್ಲ.

ಮೈಸೂರು ಸಂಸ್ಥಾನದ ಕಥೆ ಬೇರೆ ಬಗೆಯದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯ ಮೊದಲ ಸದಸ್ಯರು ಜನರ ಮತದಿಂದ ಬಂದವರಲ್ಲ. ಚುನಾವಣೆ ಬಂದದ್ದು ಮುಂದಿನ ದಶಕದಲ್ಲಿ. ಅದೂ ಆಸ್ತಿ, ವಿದ್ಯೆಗಳ ಅರ್ಹತೆಯುಳ್ಳ ಕೆಲವರಿಗೆ ಮಾತ್ರ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕಗೊಂಡು, ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರ ಪಾಲಿನ ಪ್ರಶ್ನೆಯನ್ನು ಎತ್ತಿಕೊಂಡಿತು. ಸ್ಥಳೀಯ ಸಂಸ್ಥೆಗಳಲ್ಲಾದರೋ ಅಲ್ಪಸಂಖ್ಯಾತರಿಗೂ ದಲಿತರಿಗೂ ಬಾಗಿಲು ತೆರೆದದ್ದು ಬಹುಮಟ್ಟಿಗೆ ನಾಮನಿರ್ದೇಶನದ ಮೂಲಕ. ಸರ್ಕಾರ ಒಬ್ಬರನ್ನು ಗುರುತಿಸಿ ಬೋರ್ಡಿಗೆ ಕಳುಹಿಸುತ್ತಿತ್ತು. ಹಾಗೆ ಬಂದವನು ಸಭೆಯಲ್ಲಿ ಕುಳಿತರೂ ಅವನು ಉತ್ತರ ಹೇಳಬೇಕಾದದ್ದು ತನ್ನನ್ನು ಕಳುಹಿಸಿದ ಅಧಿಕಾರಿಗೇ ಹೊರತು ತನ್ನ ಕೇರಿಗಲ್ಲ.

ಇದನ್ನು ಓದುವಾಗ ನನಗೆ ಈ ಸೀಮೆಯ ಶಾಸನಗಳು ನೆನಪಾಗುತ್ತವೆ. ಇಂದಿನ ಸೊರಬ, ಶಿಕಾರಿಪುರ ತಾಲ್ಲೂಕುಗಳ ಬಹುಭಾಗ ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರದೊಳಗಿನ ನಾಗರಖಂಡ ಎಪ್ಪತ್ತು ಎಂಬ ಆಡಳಿತ ಘಟಕವಾಗಿತ್ತು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದ, 10ನೆಯ ಶತಮಾನದ ಆರಂಭದ ಶಾಸನವೊಂದಿದೆ. ನಾಗರಖಂಡದ ನಾಲ್ಗಾವುಂಡನಾಗಿದ್ದ ನಾಗಾರ್ಜುನ ತೀರಿಕೊಂಡಾಗ ಆ ಪದವಿಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಆಕೆ ಸಮರ್ಥವಾಗಿ ನಾಡನ್ನು ಆಳಿದಳು. ರೋಗಪೀಡಿತಳಾದಾಗ ಮಗಳಿಗೆ ಹೊಣೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ತ್ಯಜಿಸಿದಳು. ಸ್ಥಳೀಯ ಆಡಳಿತದಲ್ಲಿ ಮಹಿಳೆಯ ಪಾತ್ರವನ್ನು ಹೇಳುವಾಗ ನಾವೆಲ್ಲ ಹೆಮ್ಮೆಯಿಂದ ಉಲ್ಲೇಖಿಸುವ ಶಾಸನವಿದು. ಹೆಮ್ಮೆ ಸರಿಯೇ. ಆದರೆ ಆ ಪದವಿ ಜಕ್ಕಿಯಬ್ಬೆಗೆ ಬಂದದ್ದು ಪ್ರಭುವಿನ ಮನ್ನಣೆಯಿಂದ. ನಾಗರಖಂಡದ ಮತ್ತೊಬ್ಬ ಹೆಂಗಸು ಅದನ್ನು ತನ್ನ ಹಕ್ಕೆಂದು ಕೇಳುವ ಹಾಗಿರಲಿಲ್ಲ.

ಅಲ್ಪಸಂಖ್ಯಾತರ ರಕ್ಷಣೆಯ ಮಾತಿಗೆ ಬಂದರೆ ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನವನ್ನು ನೆನೆಯದವರಿಲ್ಲ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬಂದಾಗ, ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಗಳ ಜೈನರು ಅರಸನಲ್ಲಿ ಮೊರೆಯಿಟ್ಟರು. ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಪಂಚಮಹಾವಾದ್ಯ ಮತ್ತು ಕಲಶಗಳ ಮರ್ಯಾದೆಯನ್ನು ಎತ್ತಿಹಿಡಿದನು. ಮಧ್ಯಯುಗದ ಭಾರತದಲ್ಲಿ ಇಷ್ಟು ವಿವೇಕದ ರಾಜಾಜ್ಞೆಗಳು ವಿರಳ. ಆದರೂ ಅದರ ರಚನೆಯನ್ನು ಗಮನಿಸಬೇಕು. ಮೊರೆಯಿಡುವವರು ಒಬ್ಬರು, ಕಾಪಾಡುವವರು ಮತ್ತೊಬ್ಬರು, ಕೊಡುವವನು ಅರಸ. ಅರಸನು ವಿವೇಕಿಯಾಗಿದ್ದಷ್ಟು ದಿನ ಆ ರಕ್ಷಣೆಗೆ ಬಲ. ಸಂಸ್ಥಾನದ ನಾಮನಿರ್ದೇಶನವೂ ಮೂಲತಃ ಇದೇ ಅನುಗ್ರಹದ ಭಾಷೆಯನ್ನು ಆಡುತ್ತಿತ್ತು.

ಆ ಭಾಷೆಯನ್ನು ಧಿಕ್ಕರಿಸಿದ ಗಳಿಗೆಯೂ ಇದೇ ನೆಲದಲ್ಲಿ ಘಟಿಸಿದೆ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮದೇ ಸರ್ಕಾರವನ್ನು ಘೋಷಿಸಿ, ಇಬ್ಬರು ಹುಡುಗರನ್ನು ಅಮಲ್ದಾರ ಮತ್ತು ಸಬ್‌ಇನ್‌ಸ್ಪೆಕ್ಟರರೆಂದು ನೇಮಿಸಿದರು. ಮುಂದೆ ನಡೆದ ಘರ್ಷಣೆಯಲ್ಲಿ ಅಧಿಕಾರಿಗಳಿಬ್ಬರು ಸತ್ತರು. 1943ರ ಮಾರ್ಚಿನಲ್ಲಿ ಐವರು ಗಲ್ಲಿಗೇರಿದರು. ಅಧಿಕಾರ ಊರಿನಿಂದ ಹುಟ್ಟುತ್ತದೆ ಎಂಬ ಮಾತನ್ನು ಈಸೂರು ಬಹು ದೊಡ್ಡ ಬೆಲೆ ತೆತ್ತು ಹೇಳಿತು. ಊರೊಳಗಿನ ಸಣ್ಣ ಕೇರಿಗಳಿಗೆ ಆ ಅಧಿಕಾರದಲ್ಲಿ ಎಷ್ಟು ಪಾಲು ಎಂಬುದನ್ನು ಮಾತ್ರ ಮುಂದಿನ ಕಾಯಿದೆಗಳೇ ಹೇಳಬೇಕಾಗಿತ್ತು.

ಸಂವಿಧಾನ ರಚನಾಸಭೆ ಮೊದಲಿಗೆ ಧಾರ್ಮಿಕ ಅಲ್ಪಸಂಖ್ಯಾತರಿಗೂ ಸಂಯುಕ್ತ ಮತಕ್ಷೇತ್ರದಲ್ಲಿ ಮೀಸಲು ಸ್ಥಾನಗಳಿರಲೆಂದು 1947ರಲ್ಲಿ ಒಪ್ಪಿತ್ತು. ದೇಶವಿಭಜನೆಯ ಗಾಯದ ನಂತರ, 1949ರ ಮೇ ತಿಂಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಳ್ಳಲಾಯಿತು. ಶಾಸನಸಭೆಗಳ ಮೀಸಲಾತಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಮುಖ್ಯವಾಗಿ ಉಳಿಯಿತು. ಹೀಗಾಗಿ ನಮ್ಮ ಪಂಚಾಯತಿ ಕಾನೂನಿನಲ್ಲಿ ಧರ್ಮವನ್ನೇ ಆಧಾರವಾಗಿಸಿಕೊಂಡ ಮೀಸಲು ಸ್ಥಾನವಿಲ್ಲ. ಸಾಮಾಜಿಕ ಹಿಂದುಳಿದಿರುವಿಕೆ ಎಂಬ ಬಾಗಿಲಿನಿಂದಲೇ ಅಲ್ಪಸಂಖ್ಯಾತ ಸಮುದಾಯಗಳೂ ಒಳಬರಬೇಕು. ಕರ್ನಾಟಕದಲ್ಲಿ ಆ ಬಾಗಿಲು ತೆರೆದ ಬಗೆ ಕುತೂಹಲಕರವಾಗಿದೆ.

ಏಕೀಕರಣದ ಅನಂತರ ಬಂದ 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಪರಿಶಿಷ್ಟ ಜಾತಿಗಳಿಗೂ ಮಹಿಳೆಯರಿಗೂ ಸ್ಥಾನ ಕಾದಿರಿಸಿತು. 1983ರಲ್ಲಿ ರೂಪುಗೊಂಡು 1985ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿ ಕಾಯಿದೆ ಮಹಿಳೆಯರಿಗೆ ಶೇ. 25, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ. 18ರಷ್ಟು ಸ್ಥಾನಗಳನ್ನು ಕೊಟ್ಟಿತು. 1987ರ ಜನವರಿಯಲ್ಲಿ ಚುನಾವಣೆಯೂ ನಡೆಯಿತು. ಈ ಕಾಯಿದೆಯ ಶಿಲ್ಪಿ, ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್. ಹಳ್ಳಿಗೆ ಕೊಳವೆಬಾವಿ ತಂದ “ನೀರು ಸಾಬರು” ಎಂದು ಜನ ಅವರನ್ನು ನೆನೆಯುತ್ತಾರೆ. ಅಲ್ಪಸಂಖ್ಯಾತ ಸಮುದಾಯದಿಂದ ಬಂದ ಒಬ್ಬ ನಾಯಕ ಇಡೀ ನಾಡಿನ ಹಳ್ಳಿಗಳಿಗೆ ಅಧಿಕಾರ ಹಂಚುವ ಕಾನೂನನ್ನು ಬರೆಸಿದರು ಎಂಬುದನ್ನೂ ನೆನೆಯಬೇಕು.

ಸಂವಿಧಾನದ 73ನೆಯ ತಿದ್ದುಪಡಿಯ ಬೆನ್ನಿಗೇ, 1993ರ ಮೇ 10ರಂದು ಜಾರಿಗೆ ಬಂದ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವೇ ಇಂದಿಗೂ ನಮ್ಮ ಆಧಾರ. 243-ಡಿ ಅನುಚ್ಛೇದದ ಆರನೆಯ ಖಂಡವು ಹಿಂದುಳಿದ ವರ್ಗಗಳ ಮೀಸಲಾತಿಯನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತ್ತು. ಕರ್ನಾಟಕ ಆ ಅವಕಾಶವನ್ನು ಬಳಸಿಕೊಂಡು, ಸುಮಾರು ಮೂರನೆಯ ಒಂದು ಭಾಗ ಸ್ಥಾನಗಳನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಟ್ಟು, ಅದರಲ್ಲಿ ಶೇ. 80ನ್ನು ‘ಅ’ ವರ್ಗಕ್ಕೂ ಶೇ. 20ನ್ನು ‘ಬ’ ವರ್ಗಕ್ಕೂ ಹಂಚಿತು. ಮುಸ್ಲಿಮರು ಒಳಗೊಳ್ಳುವುದು ‘ಅ’ ವರ್ಗದಲ್ಲಿ. ಸೊರಬ ಸೀಮೆಯ ದೀವರಂಥ ಸಮುದಾಯಗಳೂ ಅಲ್ಲಿಯೇ ಬರುತ್ತವೆ. 2010ರ ತಿದ್ದುಪಡಿಯಿಂದ ಮಹಿಳೆಯರ ಪಾಲು ಅರ್ಧಕ್ಕೇರಿತು.

ಇದೇ ಅಧಿನಿಯಮದ ಮತ್ತೊಂದು ಅಂಶವನ್ನು ಮೀಸಲಾತಿಯ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಬಯಲುಸೀಮೆಯಲ್ಲಿ ಗ್ರಾಮ ಪಂಚಾಯತಿಯ ಜನಸಂಖ್ಯೆ ಐದರಿಂದ ಏಳು ಸಾವಿರ ಇರಬೇಕೆಂದು ಹೇಳಿದ ಕಾನೂನು, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಕೊಡಗು ಮೊದಲಾದ ಜಿಲ್ಲೆಗಳಲ್ಲಿ 2,500 ಜನರಿಗೂ ಒಂದು ಪಂಚಾಯತಿ ಸಾಧ್ಯವೆಂದಿತು. 400 ಜನರಿಗೆ ಒಬ್ಬ ಸದಸ್ಯ. ಚದುರಿದ ಮನೆಗಳ ಮಲೆನಾಡಿನಲ್ಲಿ ಸಣ್ಣ ಕೇರಿಯೊಂದರ ಮತ ಗಾಳಿಗೆ ಹಾರಿಹೋಗದಂತೆ ತಡೆಯಲು ಇದು ಮೀಸಲಾತಿಯಷ್ಟೇ ಮುಖ್ಯ. ಘಟಕ ಚಿಕ್ಕದಾದಷ್ಟೂ ಸಣ್ಣ ಗುಂಪಿನ ಮತ ಎದ್ದು ಕಾಣುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ, ವರ್ಜೀನಿಯಾ, ನ್ಯೂಯಾರ್ಕ್ ಮುಂತಾದ ರಾಜ್ಯಗಳು ಈ ಶತಮಾನದಲ್ಲಿ ತಮ್ಮದೇ ಮತದಾನ ಹಕ್ಕಿನ ಕಾಯಿದೆಗಳನ್ನು ಮಾಡಿಕೊಂಡಿವೆ. ಇಡೀ ನಗರವೇ ಒಂದು ಕ್ಷೇತ್ರವಾಗಿರುವಲ್ಲಿ ಅಲ್ಪಸಂಖ್ಯಾತರ ಮತ ಕರಗಿಹೋಗುತ್ತದೆಂದು ನ್ಯಾಯಾಲಯದಲ್ಲಿ ಪ್ರಶ್ನಿಸಲು ಅಲ್ಲಿ ಅವಕಾಶವಿದೆ. ನಮ್ಮಲ್ಲಿ ಸ್ಥಾನಗಳ ಹಂಚಿಕೆಗೆ ವಿವರವಾದ ಕಾನೂನಿದೆ. ಕ್ಷೇತ್ರದ ಗೆರೆ ಎಳೆಯುವುದರಿಂದ ಸಣ್ಣ ಸಮುದಾಯದ ಮತ ಒಡೆದುಹೋದರೆ ಅದಕ್ಕೆ ಅಷ್ಟೇ ಸ್ಪಷ್ಟವಾದ ಪರಿಹಾರವಿಲ್ಲ.

ನಾನು ಆ ಮತಗಟ್ಟೆಯಲ್ಲಿ ಕೆಲಸ ಮಾಡಿದ ತಿಂಗಳಲ್ಲೇ, 2010ರ ಮೇ 11ರಂದು, ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಕೆ. ಕೃಷ್ಣಮೂರ್ತಿ ಪ್ರಕರಣದಲ್ಲಿ ತೀರ್ಪಿತ್ತಿತು. ಪ್ರಶ್ನೆಗೆ ಒಳಗಾಗಿದ್ದುದು ಕರ್ನಾಟಕದ ಕಾಯಿದೆಯೇ. ಪೀಠವು ಮೀಸಲಾತಿಯ ತತ್ತ್ವವನ್ನು ಎತ್ತಿಹಿಡಿಯಿತು. ಆದರೆ ಶಿಕ್ಷಣ, ಉದ್ಯೋಗಗಳಲ್ಲಿ ಹಿಂದುಳಿದವರೆಲ್ಲ ರಾಜಕೀಯವಾಗಿಯೂ ಹಿಂದುಳಿದವರೆಂದು ಭಾವಿಸಲಾಗದು, ಅದಕ್ಕೆ ಪ್ರತ್ಯೇಕ ಅಂಕಿಅಂಶ ಬೇಕು, ಒಟ್ಟು ಮೀಸಲಾತಿ ಶೇ. 50ನ್ನು ಮೀರಬಾರದು ಎಂದಿತು. 2021ರ ಮಾರ್ಚಿನಲ್ಲಿ ಮಹಾರಾಷ್ಟ್ರದ ವಿಕಾಸ್ ಗವಳಿ ಪ್ರಕರಣ ಇದನ್ನೇ ಮೂರು ಪರೀಕ್ಷೆಗಳ ನಿಯಮವಾಗಿ ಗಟ್ಟಿಗೊಳಿಸಿತು. ಅದರ ಫಲವಾಗಿ ಕರ್ನಾಟಕ ನೇಮಿಸಿದ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಆಯೋಗ 2022ರ ಜುಲೈನಲ್ಲಿ ವರದಿ ಕೊಟ್ಟು, ಹಿಂದುಳಿದ ವರ್ಗಗಳಿಗೆ ಮೂರನೆಯ ಒಂದು ಭಾಗವನ್ನು ಮುಂದುವರಿಸಲು ಹೇಳಿತು.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸುವುದಿಷ್ಟು. ಅನುಗ್ರಹದಿಂದ ಹಕ್ಕಿಗೆ ಬಂದ ಈ ದಾರಿ ಸಣ್ಣದಲ್ಲ. ಜಕ್ಕಿಯಬ್ಬೆಯ ನಾಗರಖಂಡದಲ್ಲಿ ಇಂದು ಪ್ರತಿ ಪಂಚಾಯತಿಯ ಅರ್ಧದಷ್ಟು ಸ್ಥಾನಗಳಲ್ಲಿ ಹೆಂಗಸರು ಯಾವ ಪ್ರಭುವಿನ ಮನ್ನಣೆಯೂ ಇಲ್ಲದೆ ಕುಳಿತಿದ್ದಾರೆ. ಆದರೆ ಹಕ್ಕು ಬಂದ ಮೇಲೂ ಅನುಗ್ರಹ ಹಿಂಬಾಗಿಲಿನಿಂದ ನುಸುಳುತ್ತದೆ. ಇದಕ್ಕೆ ಹಳ್ಳಿಗಳಲ್ಲಿ ಎಲ್ಲರೂ ಮೆಚ್ಚುವ ಒಂದು ಸುಂದರ ಹೆಸರಿದೆ: ಅವಿರೋಧ ಆಯ್ಕೆ. ಊರಿನ ಹಿರಿಯರು ದೇವಸ್ಥಾನದ ಕಟ್ಟೆಯಲ್ಲಿ ಸೇರಿ, ಮೀಸಲು ಸ್ಥಾನಕ್ಕೆ ‘ಹೊಂದಿಕೊಂಡು ಹೋಗುವ’ ಒಬ್ಬರನ್ನು ಗೊತ್ತುಮಾಡುತ್ತಾರೆ. ಜಗಳ ತಪ್ಪಿತು, ಖರ್ಚು ಉಳಿಯಿತು ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಸಮಾಧಾನಕ್ಕೆ ಕಾರಣವೂ ಇದೆ. ಚುನಾವಣೆಯ ಹಗೆ ಎಷ್ಟು ಮನೆಗಳನ್ನು ಒಡೆದಿದೆಯೆಂದು ಬಲ್ಲವರೇ ಬಲ್ಲರು. ಆದರೆ ಆ ಸಣ್ಣ ಕೇರಿಯ ಜನ ಆ ದಿನ ಮುದ್ರೆ ಒತ್ತಲೇ ಇಲ್ಲ. ಅವರ ಪ್ರತಿನಿಧಿ ಹಳೆಯ ಬೋರ್ಡಿನ ನಾಮನಿರ್ದೇಶಿತ ಸದಸ್ಯನಂತೆಯೇ ತನ್ನನ್ನು ಕಳುಹಿಸಿದವರಿಗೆ ಉತ್ತರ ಹೇಳಬೇಕಾದವನಾಗುತ್ತಾನೆ.

ಇನ್ನೊಂದು ಕೊರತೆ ಇದಕ್ಕಿಂತಲೂ ಗಂಭೀರ. ಐದು ವರ್ಷಗಳ ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯಲೇಬೇಕೆಂದು ಸಂವಿಧಾನ ಹೇಳುತ್ತದೆ. ಆದರೆ 2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಚುನಾವಣೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿಗಳ ಹೆಸರಿನಲ್ಲಿ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಆಡಳಿತಾಧಿಕಾರಿಗಳು ಆ ಕುರ್ಚಿಗಳಲ್ಲಿ ಕುಳಿತರು. ಮೀಸಲಾತಿ ಯಾರಿಗಾಗಿ ಇದೆಯೋ ಅವರಿಗೇ ಇದರ ನಷ್ಟ ಹೆಚ್ಚು. ಬಲಶಾಲಿಗೆ ಅಧಿಕಾರಿಯ ಬಾಗಿಲು ಹೇಗೂ ತೆರೆದಿರುತ್ತದೆ. ಸಣ್ಣ ಕೇರಿಯವನಿಗೆ ಸದಸ್ಯನ ಮನೆಯೇ ಕಚೇರಿ. ಚುನಾವಣೆಯೇ ಇಲ್ಲದ ಕಡೆ ಮೀಸಲಾತಿಯ ಶೇಕಡಾವಾರು ಲೆಕ್ಕ ಕಾಗದದ ಮೇಲಿನ ಲೆಕ್ಕವಷ್ಟೇ.

ಸಾಹಿತ್ಯ ಮತ್ತು ಇತಿಹಾಸದ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ಬಂದಳಿಕೆ, ಬಳ್ಳಿಗಾವಿ, ಕುಪ್ಪಟೂರುಗಳ ಶಾಸನಗಳನ್ನು ನಾವು ಅಕ್ಷರ ಅಕ್ಷರ ಬಿಡಿಸಿ ಓದುತ್ತೇವೆ. ದತ್ತಿ ಕೊಟ್ಟವರು ಯಾರು, ಸಾಕ್ಷಿ ನಿಂತವರು ಯಾರು, ಗಡಿಕಲ್ಲು ಎಲ್ಲಿತ್ತು ಎಂದು ತರ್ಕಿಸುತ್ತೇವೆ. ಅದೇ ಊರುಗಳ ಪಂಚಾಯತಿ ಕಚೇರಿಗಳಲ್ಲಿ ಮೀಸಲಾತಿ ಅಧಿಸೂಚನೆಗಳು, ಮತದಾರರ ಪಟ್ಟಿಗಳು, ಸಭಾ ನಡವಳಿ ಪುಸ್ತಕಗಳು ಗೆದ್ದಲು ಹಿಡಿಯುತ್ತಿವೆ. ಯಾವ ಕೇರಿ ಯಾವ ಕ್ಷೇತ್ರಕ್ಕೆ ಸೇರಿತು, ಗೆರೆ ಯಾವಾಗ ಬದಲಾಯಿತು, ಮೀಸಲು ಸದಸ್ಯರು ಸಭೆಯಲ್ಲಿ ಏನು ಕೇಳಿದರು ಎಂಬುದೆಲ್ಲ ಅಲ್ಲಿದೆ. ಅವೂ ಈ ನೆಲದ ಶಾಸನಗಳೇ. ಕಲ್ಲಿನಷ್ಟು ಬಾಳಿಕೆ ಅವಕ್ಕಿಲ್ಲದಿರುವುದರಿಂದ ಅವನ್ನು ಬೇಗ ಓದಬೇಕಾಗಿದೆ.

ಆ ದಿನ ಅಜ್ಜಿ ಕೊನೆಗೆ ಏನು ಮಾಡಿದರೆಂದು ನನಗೆ ತಿಳಿಯದು, ತಿಳಿಯಲೂಬಾರದು. ಮತದ ಗೋಪ್ಯ ಆಕೆಯದು. ಮರೆಯ ಹಿಂದೆ ಅವರು ಬಹಳ ಹೊತ್ತು ನಿಂತಿದ್ದುದು ಮಾತ್ರ ನೆನಪಿದೆ. ಹೊರಬಂದವರು ಮತಪತ್ರವನ್ನು ಮಡಿಸಿ ಪೆಟ್ಟಿಗೆಗೆ ಹಾಕಿ, ಅದು ಒಳಗೆ ಬಿತ್ತೋ ಇಲ್ಲವೋ ಎಂದು ಒಮ್ಮೆ ಬಗ್ಗಿ ನೋಡಿ, ಬಿಸಿಲಿಗೆ ಸೆರಗು ಹೊದ್ದು ಕೇರಿಯ ದಾರಿ ಹಿಡಿದರು.